ಕರಿ ನಾಲ್ಕು

ಸಲೋಮಿ ಟೀಚರ್ ನನ್ನ ಮುಂಗೈ ಮೇಲೆ
ನಾಲ್ಕಾಣೆ ನಾಣ್ಯ ಇಟ್ಟು ನುಡಿಸೆನ್ನುತ್ತಿದ್ದರು.
ಬಿದ್ದರೆ ಮೊದಲಿಂದ. ಮತ್ತೆ ಬಿದ್ದರೆ ಮತ್ತೆ ಮೊದಲಿಂದ.
ಇಗರ್ಜಿಯ ಹಿಂದಿನ ಕೋಣೆ, ಗೆದ್ದಲು ಹಿಡಿದ ಪಿಯಾನೊ,
ನಡುವಿನ ಒಂದು ಮನೆ ಒತ್ತಿದರೆ ಬರೀ ಮರದ ಸದ್ದು.
'ಅದನ್ನೂ ಒತ್ತು,' ಅನ್ನುವರು,
'ಕೇಳಿಸದಿದ್ದರೇನು, ಪುಸ್ತಕದಲ್ಲಿ ಬರೆದಿದೆಯಲ್ಲ.'

ಎಂಟು ತಿಂಗಳು ಐದು ಗೆರೆಗಳ ಮೇಲೆ
ಇರುವೆಯ ಹಾಗೆ ಹತ್ತಿದೆ, ಇಳಿದೆ.
ನಾಣ್ಯ ಬೀಳದಂತೆ ಕೈ ಕಲಿಯಿತು.
ಕಿವಿಯನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಅಪ್ಪ, ತಿಂಗಳಿಗೆ ಹದಿನೈದು ರೂಪಾಯಿ ಉಳಿಯಲೆಂದು,
ಗದಿಗೆಪ್ಪ ಮಾಸ್ತರರಲ್ಲಿಗೆ ಬಿಟ್ಟ.
ನಾಟಕ ಕಂಪನಿ ಮುಳುಗಿದಾಗ ಬಾಕಿ ಸಂಬಳಕ್ಕೆ
ಕಾಲ್ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ ಮನುಷ್ಯ.
ಹಳೇಪೇಟೆಯ ಪಡಸಾಲೆ. ಬಾಯಿ ತುಂಬ ಎಲೆ.
ಅಭ್ಯಾಸಬಲ, ಕೈ ಚಾಚಿ ನಾಣ್ಯಕ್ಕೆ ಕಾದೆ.
'ಕೈ ಆಮ್ಯಾಲೆ ತಂಗೀ. ನಿನ್ನ ಮನಿ ಯಾವುದು?'
'ಕೆ.ಟಿ.ಜೆ. ನಗರ, ಹದಿಮೂರನೇ ಕ್ರಾಸು.'
ಅಡಿಕೆ ನೆತ್ತಿಗೆ ಹತ್ತುವಷ್ಟು ನಕ್ಕರು.
ನನ್ನಿಂದ ಆ ಅನ್ನಿಸಿ,
ಒಂದೊಂದೇ ಕದ ತಟ್ಟುವ ಹಾಗೆ ಒತ್ತುತ್ತ ಹೋಗಿ
'ಇಲ್ಲೈತಿ ನೋಡು ನಿನ್ನ ಮನಿ. ಕರಿ ನಾಲ್ಕು.'

ಅವರದೂ ಹಿಂಸೆಯೇ. ಒಂದು ಸ್ವರದ ಹೆಸರು ಹೇಳರು.
'ಮಗ ಸತ್ತ ತಾಯಿ ಒಳಗ ಬರ್ತಾಳ, ನುಡಿಸು.'
'ಸಾವುಕಾರ ಸುಳ್ಳು ಹೇಳ್ತಾನ, ನುಡಿಸು.'
ಹನ್ನೊಂದು ವರ್ಷದ ನನಗೆ ಗೊತ್ತಿದ್ದ ದೊಡ್ಡ ಸುಳ್ಳು ಒಂದೇ:
ಜ್ವರವೆಂದು ಸಲೋಮಿ ಟೀಚರಿಗೆ ಹೇಳಿಕಳಿಸಿದ್ದು.
ಅದನ್ನೇ ನುಡಿಸಿದೆ.
'ಹಾಂ,' ಅಂದರು, 'ಈಗ ಬಂತು.'

ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.
ಒಂದೇ ದಾವಣಗೆರೆ, ನಡುವೆ ರೈಲು ಹಳಿ.
ಅಶೋಕ ರಸ್ತೆಯ ಗೇಟು ಬಿದ್ದಾಗೆಲ್ಲ
ಗೂಡ್ಸು ಗಾಡಿ ಮುಗಿಯುವ ತನಕ
ಸೈಕಲ್ಲಿನ ಹ್ಯಾಂಡಲ್ ಮೇಲೆ ಬೆರಳಾಡಿಸುತ್ತಿದ್ದೆ,
ಯಾರ ಪಾಠವೆಂದು ನೋಡದೆ.

ಈಗ ನನ್ನದೇ ಕೋಣೆ, ಮಂಡಕ್ಕಿ ಭಟ್ಟಿಗಳ ಬೆನ್ನಿಗೆ.
ಕಿಟಕಿ ಹಾಕಿದರೂ ಹೊಟ್ಟಿನ ಮಸಿ ಬಂದು ಕೂರುತ್ತದೆ;
ಬೆಳಿಗ್ಗೆ ಒರೆಸುವ ತನಕ ಎಲ್ಲವೂ ಕರಿ ಮನೆ.
ಮಕ್ಕಳ ಕೈಮೇಲೆ ನಾಣ್ಯವನ್ನೂ ಇಡುತ್ತೇನೆ, ಸುಳ್ಳನ್ನೂ ಕೇಳುತ್ತೇನೆ,
ಎರಡೂ ಅರ್ಧರ್ಧ, ಎರಡೂ ಕೆಟ್ಟದಾಗಿ.
ಮಗಳಿಗೆ ಸರ್ಟಿಫಿಕೇಟು ಬೇಕೆನ್ನುವ ಡಾಕ್ಟರಿಗೆ ಗೆರೆಯ ಪುಸ್ತಕ,
ಆರ್ಕೆಸ್ಟ್ರಾ ಸೇರುವ ಹುಡುಗನಿಗೆ ಕಿವಿ.
ಒಬ್ಬ, ಫೋನಿನಲ್ಲಿ ಬಣ್ಣ ಬಿದ್ದ ಮನೆ ಒತ್ತಿ ಒತ್ತಿ ಕಲಿತವನು,
ಮುಗ್ಧವಾಗಿ ಕೇಳಿದ: 'ಮಿಸ್, ಮತ್ತೆ ನೀವ್ಯಾಕೆ?'
ಉತ್ತರ ಇನ್ನೂ ಹೊಳೆದಿಲ್ಲ. ಫೀಸು ತಗೊಂಡೆ.

ಮುಬೀನಾ ಜರಡಿ ಹಿಡಿಯುವವರ ಹುಡುಗಿ.
ಮೂರು ವಾರ ಬರಲಿಲ್ಲ, ಬಿಟ್ಟಳೆಂದುಕೊಂಡೆ.
ಬಾಕಿ ಕೇಳುವ ನೆಪದಲ್ಲಿ ಹೋದರೆ
ಭಟ್ಟಿಯ ಸಿಮೆಂಟು ಕಟ್ಟೆಯ ಮೇಲೆ ಇದ್ದಿಲಲ್ಲಿ
ಕರಿ ಮನೆಗಳನ್ನಷ್ಟೇ ಬರೆದಿದ್ದಳು,
ಎರಡು, ಮೂರು, ಎರಡು, ಮೂರು.
'ಬಿಳಿಯವು?'
'ಅವು ಇದ್ದೇ ಇದಾವಲ್ಲ ಮಿಸ್, ನಡುವೆ.'

ನುಡಿಸು ಅಂದೆ.
ಎಡಗೈ, ಅತ್ತ ಅವಳಮ್ಮ ಆಡಿಸುವ ಜರಡಿಯ ತಾಳಕ್ಕೆ.
ಬಲಗೈ, ಕಾದ ಮರಳಲ್ಲಿ ಅಕ್ಕಿ ಅರಳುವ ಹಾಗೆ,
ಮೊದಲು ಒಂದು, ಆಮೇಲೆ ಲೆಕ್ಕವಿಲ್ಲ.
ಬಗ್ಗಿ ಕೇಳಿದೆ. ಸಿಮೆಂಟು.
ಒಂದು ಕಡೆ ಬೆರಳು ತಪ್ಪಿತು;
ಸದ್ದೇ ಇಲ್ಲದ್ದು ತಪ್ಪಿದ್ದು
ನನಗೆ ಹೇಗೆ ಕೇಳಿಸಿತು?
ಅವಳೂ ಆಗಲೇ ತಲೆಯೆತ್ತಿ ನೋಡುತ್ತಿದ್ದಳು.

'ಮೊದಲಿಂದ,' ಅಂದೆ.
ಯಾರ ದನಿಯಲ್ಲಿ ಅಂದೆನೋ.
ಬೆರಳಿಗೆ ಬೆರಳಿಗೆ ಮಾಸಿಹೋಗಿದ್ದ ಕರಿ ನಾಲ್ಕನ್ನು
ಇದ್ದಿಲ ಚೂರಿನಿಂದ ಇನ್ನೊಮ್ಮೆ ತೀಡಿ,
ಕೈಯನ್ನು ಲಂಗಕ್ಕೆ ಒರೆಸಿಕೊಂಡು
ಶುರು ಮಾಡಿದಳು.